ಬರಹದಿಂದ ವ್ಯವಹಾರಕ್ಕೆ ನಂಬಿಕೆ: ಲಿಂಕ್ಡ್‌ಇನ್ ಸೇವೆಯ ವಿಮರ್ಶೆ

ಸಣ್ಣದೋ ಮಧ್ಯಮ ಗಾತ್ರದ್ದೋ ಆದ ಕಂಪನಿಯೊಂದು ತನ್ನ ಕಸುಬಿನ ಬಗ್ಗೆ ಬರೆದು, ಆ ಬರಹದ ಬಲದಿಂದ ಗ್ರಾಹಕರ ನಂಬಿಕೆ ಗಳಿಸಲು ವೃತ್ತಿಪರರ ಸಾಮಾಜಿಕ ಜಾಲತಾಣವಾದ ಲಿಂಕ್ಡ್‌ಇನ್ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಕೆಲಸ ಹುಡುಕುವವರಿಗೆ, ಜನ ನೇಮಿಸಿಕೊಳ್ಳುವವರಿಗೆ ಅದು ಹೇಗಿದೆ ಎಂಬುದನ್ನು ಇಲ್ಲಿ ನೋಡಿಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಬಹುತೇಕರಿಗೆ ಉಚಿತ ಖಾತೆಯೇ ಸಾಕು. ವೈಯಕ್ತಿಕ ಪ್ರೊಫೈಲ್, ಕಾಮೆಂಟ್, ಡಾಕ್ಯುಮೆಂಟ್ ಪೋಸ್ಟ್, ನ್ಯೂಸ್‌ಲೆಟರ್ ಈ ನಾಲ್ಕೂ ನಿಜವಾಗಿ ದುಡಿಯುತ್ತವೆ. ಕಂಪನಿ ಪೇಜ್ ಇರಬೇಕು, ಆದರೆ ಅದರಿಂದ ಹೆಚ್ಚು ನಿರೀಕ್ಷಿಸಬಾರದು. ಇಡೀ ಸೇವೆಯಲ್ಲಿ ದಾರಿ ತಪ್ಪಿಸುವ ಭಾಗವೆಂದರೆ ಅದರ ಅಂಕಿಅಂಶದ ಪುಟ. ಎಷ್ಟು ಜನರ ಕಣ್ಣಿಗೆ ಬಿತ್ತು ಎಂದು ಅದು ಹೇಳುತ್ತದೆ. ಅವರಲ್ಲಿ ಯಾರಾದರೂ ನಿಮ್ಮನ್ನು ನಂಬಿದರೇ ಎಂಬುದನ್ನು ನೀವೇ ಬೇರೆ ಕಡೆಯಿಂದ ತಿಳಿದುಕೊಳ್ಳಬೇಕು.

2003ರ ಮೇ ತಿಂಗಳಲ್ಲಿ ಶುರುವಾದಾಗ ಲಿಂಕ್ಡ್‌ಇನ್ ಬಯೋಡೇಟಾಗಳ ಕೋಶವಾಗಿತ್ತು. 2012ರಲ್ಲಿ ಆಯ್ದ ಕೆಲವು ಹೆಸರುವಾಸಿಗಳಿಗೆ ಲೇಖನ ಬರೆಯುವ ಅವಕಾಶ ಕೊಟ್ಟಿತು, 2014ರಿಂದ ಅದನ್ನು ಉಳಿದ ಸದಸ್ಯರಿಗೂ ತೆರೆಯಿತು. 2016ರಲ್ಲಿ ಮೈಕ್ರೋಸಾಫ್ಟ್ 2,620 ಕೋಟಿ ಡಾಲರ್‌ಗೆ ಅದನ್ನು ಕೊಂಡಿತು. 2023ರ ಹೊತ್ತಿಗೆ ಸದಸ್ಯರ ಸಂಖ್ಯೆ ನೂರು ಕೋಟಿ ದಾಟಿತ್ತು. ಈ ಬರವಣಿಗೆಗೆ ಮಾರುಕಟ್ಟೆಯಲ್ಲಿ ಥಾಟ್ ಲೀಡರ್‌ಶಿಪ್ ಎಂಬ ಭಾರೀ ಹೆಸರಿದೆ. ಸಾರ್ವಜನಿಕ ಸಂಪರ್ಕ ಸಂಸ್ಥೆಯಾದ ಎಡೆಲ್‌ಮನ್ ಲಿಂಕ್ಡ್‌ಇನ್ ಜೊತೆಗೂಡಿ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಖರೀದಿಯ ತೀರ್ಮಾನ ತೆಗೆದುಕೊಳ್ಳುವವರ ಪೈಕಿ ಶೇ. 73ರಷ್ಟು ಮಂದಿ, ಒಂದು ಕಂಪನಿಯ ಸಾಮರ್ಥ್ಯ ಅಳೆಯಲು ಅದರ ಜಾಹೀರಾತು ಸಾಮಗ್ರಿಗಿಂತ ಇಂಥ ಬರಹವೇ ಹೆಚ್ಚು ನಂಬಲರ್ಹ ಎಂದಿದ್ದರು. ಸಮೀಕ್ಷೆ ಮಾಡಿದವರಲ್ಲಿ ಒಬ್ಬರು ಈ ವೇದಿಕೆಯ ಒಡೆಯರೇ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಆ ಸಂಖ್ಯೆಯನ್ನು ಓದಬೇಕು. ಆದರೂ ಅದು ಹೇಳುವ ದಿಕ್ಕು ಸರಿಯಾಗಿಯೇ ಇದೆ. ಕೊಟೇಶನ್ ಕೈಗೆ ಬಂದ ಮೇಲೆ ಕೊಳ್ಳುವವರು ಮಾಡುವ ಮೊದಲ ಕೆಲಸ, ಕಳಿಸಿದವರ ಹೆಸರು ಹಾಕಿ ಹುಡುಕುವುದು.

ಪ್ರೊಫೈಲ್

ಹಾಗೆ ಹುಡುಕಿ ಬಂದವರು ಮೊದಲು ನೋಡುವುದು ಹೆಸರಿನ ಕೆಳಗಿರುವ ಹೆಡ್‌ಲೈನ್. ಅದಕ್ಕೆ 220 ಅಕ್ಷರಗಳ ಜಾಗವಿದೆ, ಆದರೆ ಫೀಡ್‌ನಲ್ಲಿ (ಸೈಟ್ ತೆರೆದಾಗ ಸಾಲಾಗಿ ಬರುವ ಪೋಸ್ಟ್‌ಗಳಲ್ಲಿ), ಕಾಮೆಂಟ್ ಪಕ್ಕದಲ್ಲಿ ಅದರ ಆರಂಭದ ತುಣುಕಷ್ಟೇ ಕಾಣುತ್ತದೆ. 'ಸಂಸ್ಥಾಪಕ ಹಾಗೂ ವ್ಯವಸ್ಥಾಪಕ ನಿರ್ದೇಶಕ' ಎಂದು ಶುರುಮಾಡಿದರೆ ಆ ತುಣುಕು ವ್ಯರ್ಥವಾಯಿತು. ಯಾರಿಗೆ ಯಾವ ಕೆಲಸ ಮಾಡಿಕೊಡುತ್ತೀರಿ ಎಂಬುದು ಮೊದಲ ಐದಾರು ಪದಗಳಲ್ಲೇ ಬರಲಿ, ಹುದ್ದೆ ಕೊನೆಗೆ ಹೋಗಲಿ. ಕನ್ನಡದಲ್ಲಿ ಬರೆಯುವವರು ಒಂದು ವಿಷಯ ಗಮನಿಸಬೇಕು: ಗುಣಿತದ ಚಿಹ್ನೆಗಳೂ ಒತ್ತಕ್ಷರದ ಭಾಗಗಳೂ ಬೇರೆಬೇರೆಯಾಗಿ ಎಣಿಕೆಯಾಗುವುದರಿಂದ ಮಿತಿ ನಿಮ್ಮ ಅಂದಾಜಿಗಿಂತ ಬೇಗ ಮುಗಿಯುತ್ತದೆ.

ಮೇಲಿನ ಬ್ಯಾನರ್ ಚಿತ್ರದ ಅಳತೆ 1584 × 396 ಪಿಕ್ಸೆಲ್. ಎಡಗಡೆಯ ಕೆಳಭಾಗವನ್ನು ನಿಮ್ಮ ಭಾವಚಿತ್ರ ಮುಚ್ಚುತ್ತದೆ, ಆದ್ದರಿಂದ ಬರಹವೇನಾದರೂ ಇದ್ದರೆ ಬಲಗಡೆಗಿರಲಿ. ಕೈಕುಲುಕುವ ಸ್ಟಾಕ್ ಫೋಟೋಗಿಂತ ನಿಮ್ಮ ಕೆಲಸದ ಒಂದು ಒಳ್ಳೆಯ ಫೋಟೋ ಎಷ್ಟೋ ಮೇಲು. 'ಅಬೌಟ್' ಭಾಗಕ್ಕೆ 2,600 ಅಕ್ಷರಗಳಿವೆ, ತುಂಬಿಸಲೇಬೇಕೆಂದಿಲ್ಲ. ಮೊದಲ ಮೂರ್ನಾಲ್ಕು ಸಾಲುಗಳ ನಂತರ ಉಳಿದದ್ದು ಮಡಚಿಕೊಳ್ಳುತ್ತದೆ. ಆ ಸಾಲುಗಳಲ್ಲಿ ಮೂರು ಸಂಗತಿ ಬಂದರೆ ಸಾಕು: ಯಾವ ಕೆಲಸ ಒಪ್ಪಿಕೊಳ್ಳುತ್ತೀರಿ, ಯಾವುದನ್ನು ಒಪ್ಪಿಕೊಳ್ಳುವುದಿಲ್ಲ, ಸಂಪರ್ಕಿಸುವುದು ಹೇಗೆ. ಒಪ್ಪಿಕೊಳ್ಳದ ಕೆಲಸವನ್ನು ಬಾಯಿಬಿಟ್ಟು ಹೇಳುವವರು ಬಹಳ ಕಡಿಮೆ. ಎಲ್ಲವನ್ನೂ ಮಾಡುತ್ತೇವೆ ಎನ್ನುವವರ ನಡುವೆ ತನ್ನ ಮಿತಿ ಹೇಳುವವನ ಮಾತಿಗೆ ತೂಕ ಬರುವುದು ಸಹಜ.

'ಫೀಚರ್ಡ್' ಎಂಬ ಭಾಗದಲ್ಲಿ ನಿಮ್ಮ ಅತ್ಯುತ್ತಮ ಬರಹಗಳನ್ನು ಎತ್ತಿಡಬಹುದು. ಮೂರಕ್ಕಿಂತ ಹೆಚ್ಚು ಬೇಡ. ಹೆಚ್ಚು ಲೈಕ್ ಬಂದ ಪೋಸ್ಟನ್ನು ಅಲ್ಲಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಗ್ರಾಹಕರು ಪದೇಪದೇ ಕೇಳುವ ಪ್ರಶ್ನೆಗೆ ಅತಿ ಪೂರ್ಣವಾದ ಉತ್ತರವಿರುವ ಬರಹವೇ ಅಲ್ಲಿರಬೇಕು. ಇನ್ನು ಗುರುತಿನ ಪರಿಶೀಲನೆ: ಕಂಪನಿಯ ಇಮೇಲ್ ವಿಳಾಸದ ಮೂಲಕವೋ ಸರ್ಕಾರಿ ಗುರುತುಪತ್ರದ ಮೂಲಕವೋ ಮಾಡಿಸಿಕೊಳ್ಳಬಹುದು, ದುಡ್ಡಿಲ್ಲ. ನಕಲಿ ಖಾತೆಗಳು ಇಷ್ಟೊಂದು ಇರುವಾಗ ಇದನ್ನು ಬಿಡುವುದಕ್ಕೆ ಕಾರಣವೇ ಇಲ್ಲ.

ಪೋಸ್ಟ್: ನಂಬಿಕೆ ಹುಟ್ಟುವ ಜಾಗ

ಒಂದು ಪೋಸ್ಟ್‌ಗೆ 3,000 ಅಕ್ಷರಗಳ ಮಿತಿ. ಮೊದಲ ಎರಡು ಮೂರು ಸಾಲು ಕಾಣುತ್ತವೆ, ಉಳಿದದ್ದಕ್ಕೆ 'ಸೀ ಮೋರ್' ಒತ್ತಬೇಕು. ಆ ಒಂದು ಒತ್ತಿಗಾಗಿ ಜನ ಏನೇನೋ ಕಸರತ್ತು ಮಾಡುತ್ತಾರೆ, ಕುತೂಹಲ ಕೆರಳಿಸಿ ಒಳಗೆ ಕರೆದುಕೊಂಡು ಹೋಗಿ ಬರಿಗೈಯಲ್ಲಿ ಕಳಿಸುತ್ತಾರೆ. ವ್ಯವಹಾರದ ನಂಬಿಕೆಗೆ ಇದಕ್ಕಿಂತ ಹಾನಿ ಬೇರಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕಾರ್ಖಾನೆಗಳ ಏರ್ ಕಂಪ್ರೆಸರ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಕಂಪನಿ ಎಂದಿಟ್ಟುಕೊಳ್ಳಿ. ಅಂಥವರ ಮಾಮೂಲಿ ಪೋಸ್ಟ್ ಹೀಗಿರುತ್ತದೆ: 'ಗಾಳಿಯ ಸೋರಿಕೆ ಎಂದರೆ ಹಣದ ಸೋರಿಕೆ! ನಿಮ್ಮ ಕಾರ್ಖಾನೆಯ ಇಂಧನ ವೆಚ್ಚ ತಗ್ಗಿಸಲು ಇಂದೇ ನಮ್ಮ ತಜ್ಞರನ್ನು ಸಂಪರ್ಕಿಸಿ.' ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿದವರ ಕೈಗೆ ಏನೂ ಸಿಗಲಿಲ್ಲ, ಬರೆದವರಿಗೆ ಕೆಲಸ ಗೊತ್ತಿದೆಯೇ ಎಂದು ತಿಳಿಯುವ ದಾರಿಯೂ ಇಲ್ಲ.

ಅದನ್ನೇ ಹೀಗೆ ಬರೆದರೆ: ರಜಾದಿನ ಗಾಳಿ ಬಳಸುವ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಪೈಪಿನ ವಾಲ್ವ್‌ಗಳನ್ನು ತೆರೆದೇ ಇಟ್ಟು, ಕಂಪ್ರೆಸರ್ ಮಾತ್ರ ಓಡಿಸಿ. ಅದು ಲೋಡ್ ಆಗಿರುವ (ಗಾಳಿ ಒತ್ತುತ್ತಿರುವ) ಸಮಯವನ್ನೂ ಅನ್‌ಲೋಡ್ ಆಗಿರುವ (ಒತ್ತದೆ ಸುಮ್ಮನಿರುವ) ಸಮಯವನ್ನೂ ಗಡಿಯಾರ ಹಿಡಿದು ನಾಲ್ಕೈದು ಸುತ್ತು ಬರೆದುಕೊಂಡು ಸರಾಸರಿ ತೆಗೆಯಿರಿ. ಲೋಡ್ ಸಮಯವನ್ನು ಎರಡರ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸೋರಿಕೆಯ ಶೇಕಡಾವಾರು ಸಿಗುತ್ತದೆ. 2 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಎಂದಾದರೆ ಶೇ. 25. ಚೆನ್ನಾಗಿ ನೋಡಿಕೊಂಡ ವ್ಯವಸ್ಥೆಯಲ್ಲಿ ಇದು ಶೇ. 10ರ ಒಳಗಿರುತ್ತದೆ. ವೇಗ ಬದಲಿಸುವ ಡ್ರೈವ್ ಇರುವ ಕಂಪ್ರೆಸರ್‌ಗೆ ಈ ಲೆಕ್ಕ ನಡೆಯುವುದಿಲ್ಲ, ಅದಕ್ಕೆ ಗಾಳಿಯ ಹರಿವು ಅಳೆಯುವ ಫ್ಲೋ ಮೀಟರ್ ಬೇಕು.

ಎರಡನೆಯದರಲ್ಲಿ 'ನಮ್ಮನ್ನು ಸಂಪರ್ಕಿಸಿ' ಎಂಬ ಮಾತೇ ಇಲ್ಲ. ಆದರೆ ನಿರ್ವಹಣಾ ವಿಭಾಗದ ಮುಖ್ಯಸ್ಥರೊಬ್ಬರು ಅದನ್ನು ಓದಿ ಮುಂದಿನ ರಜಾದಿನ ಪರೀಕ್ಷೆ ಮಾಡಿದರೆ, ಶೇ. 25 ಎಂಬ ಉತ್ತರ ಅವರ ಸ್ವಂತ ಕಾರ್ಖಾನೆಯಿಂದ ಬಂದದ್ದು. ಅದನ್ನು ಅವರು ನಿಮ್ಮ ಮಾತಿನ ಮೇಲೆ ನಂಬಬೇಕಾಗಿಲ್ಲ. ಕೊನೆಯ ಸಾಲು ಇನ್ನೂ ಮುಖ್ಯ. ತಾನು ಹೇಳಿದ ವಿಧಾನ ಎಲ್ಲಿ ಕೆಲಸ ಮಾಡುವುದಿಲ್ಲ ಎಂದು ಹೇಳಿದ್ದರಿಂದ, ಬರೆದವರು ಯಂತ್ರದ ಪಕ್ಕ ನಿಂತವರು ಎಂದು ಓದುಗರಿಗೆ ಖಾತ್ರಿಯಾಗುತ್ತದೆ. ನಮ್ಮ ಲೆಕ್ಕದಲ್ಲಿ ಒಳ್ಳೆಯ ಪೋಸ್ಟ್‌ಗೆ ಇರಬೇಕಾದ್ದು ಇವೇ: ಓದುಗರು ತಾವೇ ಮಾಡಿ ನೋಡಬಹುದಾದ ಒಂದು ಹೆಜ್ಜೆ, ಒಂದು ಅಳತೆ, ಆ ಅಳತೆ ಯಾವಾಗ ಸುಳ್ಳಾಗುತ್ತದೆ ಎಂಬ ಎಚ್ಚರಿಕೆ.

ಗುಟ್ಟೆಲ್ಲ ಬಿಟ್ಟುಕೊಟ್ಟರೆ ಪ್ರತಿಸ್ಪರ್ಧಿಗಳು ಕದಿಯುವುದಿಲ್ಲವೇ ಎಂಬ ಭಯ ಬಹಳ ಕಂಪನಿಗಳಿಗಿದೆ. ಸೋರಿಕೆ ಲೆಕ್ಕ ಹಾಕುವ ಸೂತ್ರ ಪ್ರತಿಸ್ಪರ್ಧಿಗೆ ಮೊದಲೇ ಗೊತ್ತು. ಗೊತ್ತಿಲ್ಲದವರು ಗ್ರಾಹಕರು. ಮುಚ್ಚಿಡಬೇಕಾದದ್ದು ಗ್ರಾಹಕರ ಹೆಸರು, ಅವರ ದರ, ಅವರ ಉತ್ಪಾದನೆಯ ಅಂಕಿಗಳು. ಸೈಟ್ ಫೋಟೋ ಹಾಕುವಾಗ ಹಿಂದೆ ಕಾಣುವ ನಾಮಫಲಕ, ಯಂತ್ರದ ಸೀರಿಯಲ್ ನಂಬರ್, ಕಂಪ್ಯೂಟರ್ ಪರದೆ, ಗೋಡೆಯ ಮೇಲಿನ ಉತ್ಪಾದನಾ ಚಾರ್ಟ್ ಇವನ್ನು ಒಂದೊಂದಾಗಿ ಹುಡುಕಿ ಅಳಿಸಿ, ಲಿಖಿತ ಒಪ್ಪಿಗೆ ಪಡೆದೇ ಹಾಕಿ. ಒಂದು ಫೋಟೋದಿಂದ ಗ್ರಾಹಕರ ಗುಟ್ಟು ಹೊರಬಿದ್ದರೆ ವರ್ಷವಿಡೀ ಬರೆದು ಗಳಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ಬರೆಯಲು ವಿಷಯ ಸಿಗುವುದಿಲ್ಲ ಎನ್ನುವವರು ತಮ್ಮದೇ ಇಮೇಲ್ ಪೆಟ್ಟಿಗೆ ತೆರೆದು ನೋಡಲಿ. ಕೊಟೇಶನ್ ಕಳಿಸಿದ ಮೇಲೆ ಗ್ರಾಹಕರು ಕೇಳಿದ ಪ್ರಶ್ನೆಗಳು, ದೂರುಗಳಿಗೆ ಸರ್ವಿಸ್ ಎಂಜಿನಿಯರ್ ಬರೆದ ವರದಿಗಳು, ಕೈತಪ್ಪಿದ ಆರ್ಡರ್‌ಗಳಿಗೆ ಸಿಕ್ಕ ಕಾರಣಗಳು, ಈ ಮೂರೂ ಕಡೆಯಿಂದ ಹನ್ನೆರಡು ಪ್ರಶ್ನೆ ಹೆಕ್ಕುವುದು ಅರ್ಧ ದಿನದ ಕೆಲಸ. ವಾರಕ್ಕೊಂದರಂತೆ ಮೂರು ತಿಂಗಳಿಗೆ ಅಷ್ಟು ಸಾಕು. ಅದರಲ್ಲಿ ಒಂದಾದರೂ ಬೆಲೆಯ ಬಗ್ಗೆ ಇರಲಿ. ದರಪಟ್ಟಿ ಹಾಕಬೇಕೆಂದಲ್ಲ, ಒಂದೇ ಕೆಲಸದ ಬೆಲೆ ಒಂದು ಕಡೆ ಕಡಿಮೆ, ಇನ್ನೊಂದು ಕಡೆ ದುಪ್ಪಟ್ಟು ಏಕಾಗುತ್ತದೆ ಎಂದು ಬಿಡಿಸಿ ಹೇಳಿದರೆ ಸಾಕು. ಎಲ್ಲರೂ ತಿಳಿಯಲು ಬಯಸುವ, ಯಾರೂ ಬರೆಯದ ವಿಷಯ ಅದು.

ಯಾರು ಬರೆಯಬೇಕು? ಇಲ್ಲಿಯೇ ಬಹಳಷ್ಟು ಪ್ರಯತ್ನಗಳು ಹಳ್ಳ ಹಿಡಿಯುವುದು. ಕೆಲಸ ಗೊತ್ತಿರುವ ಎಂಜಿನಿಯರ್‌ಗೆ ಬರೆಯಲು ಪುರುಸೊತ್ತಿಲ್ಲ, ಬರೆಯಬಲ್ಲ ಮಾರ್ಕೆಟಿಂಗ್ ಸಿಬ್ಬಂದಿಗೆ ಕೆಲಸ ಗೊತ್ತಿಲ್ಲ. ಎಂಜಿನಿಯರ್ ಜೊತೆ ಒಂದೇ ಪ್ರಶ್ನೆ ಇಟ್ಟುಕೊಂಡು ಇಪ್ಪತ್ತು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಕೊಳ್ಳುವುದು ಸರಿಯಾದ ದಾರಿ. ಅವರು ಬಳಸಿದ ಪದಗಳನ್ನು ಹಾಗೇ ಉಳಿಸಿ ಬರೆಯಬೇಕು, ಕೊನೆಗೆ ಅಂಕಿಗಳನ್ನು ಅವರಿಂದಲೇ ನೋಡಿಸಬೇಕು. ಆಮೇಲೆ ಒಪ್ಪಿಗೆಗಾಗಿ ನಾಲ್ಕು ಮೇಜು ದಾಟಿಸಬೇಡಿ. ಪ್ರತಿ ಮೇಜಿನಲ್ಲೂ ಒಂದೊಂದು ಅಂಕಿ ಉದುರಿ, ಕೊನೆಗೆ 'ಸುಧಾರಿತ ದಕ್ಷತೆ' ಎಂಬಂಥ ಪೊಳ್ಳು ಪದಗಳೇ ಉಳಿಯುತ್ತವೆ. ವಿಷಯ ಪರಿಶೀಲಿಸಲು ಒಬ್ಬರು, ಗೋಪ್ಯತೆ ನೋಡಲು ಒಬ್ಬರು, ಇಬ್ಬರೇ ಸಾಕು.

ಎಐ ಉಪಕರಣಗಳಿಂದ ಬರೆಸುವ ಬಗ್ಗೆಯೂ ಇದೇ ಮಾತು. ರೆಕಾರ್ಡಿಂಗನ್ನು ಅಕ್ಷರಕ್ಕಿಳಿಸಲು, ಉದ್ದ ತಗ್ಗಿಸಲು ಅವು ಅನುಕೂಲ. ವಿಷಯವನ್ನೇ ಅವುಗಳಿಂದ ಕೇಳಿದರೆ ಎಲ್ಲರ ಪೋಸ್ಟ್‌ನಲ್ಲಿರುವುದೇ ನಿಮ್ಮದರಲ್ಲೂ ಬರುತ್ತದೆ, ಜೊತೆಗೆ ಪರಿಶೀಲಿಸದ ಅಂಕಿಗಳು ನುಸುಳುತ್ತವೆ. ತಪ್ಪು ಅಂಕಿಯೊಂದನ್ನು ಕಸುಬು ಬಲ್ಲವರು ಕಾಮೆಂಟ್‌ನಲ್ಲಿ ಎತ್ತಿ ತೋರಿಸಿದರೆ ಮುಜುಗರವಾಗುವುದು ಉಪಕರಣಕ್ಕಲ್ಲ, ನಿಮ್ಮ ಕಂಪನಿಗೆ.

ತಾಂತ್ರಿಕ ವಿವರ ಕೆಲವು. ಪೋಸ್ಟನ್ನು ಕನಿಷ್ಠ ಒಂದು ಗಂಟೆ, ಗರಿಷ್ಠ ಮೂರು ತಿಂಗಳು ಮುಂಚಿತವಾಗಿ ನಿಗದಿಪಡಿಸಬಹುದು. ಪ್ರಕಟವಾದ ಮೇಲೆ ಅಕ್ಷರಗಳನ್ನು ತಿದ್ದಬಹುದು, ಚಿತ್ರವನ್ನಾಗಲಿ ಡಾಕ್ಯುಮೆಂಟನ್ನಾಗಲಿ ಬದಲಿಸಲಾಗದು. ಚಿತ್ರದೊಳಗಿನ ಒಂದು ಅಂಕಿ ತಪ್ಪಾದರೆ ಇಡೀ ಪೋಸ್ಟ್ ಅಳಿಸಿ ಮತ್ತೆ ಹಾಕಬೇಕು, ಬಂದ ಕಾಮೆಂಟ್‌ಗಳೂ ಹೋಗುತ್ತವೆ. ಮುಖ್ಯ ಅಂಕಿಗಳು ಅಕ್ಷರರೂಪದಲ್ಲೂ ಇರಲಿ ಎನ್ನುವುದು ಇದಕ್ಕೇ. ನಿಮ್ಮ ವೆಬ್‌ಸೈಟ್ ಕೊಂಡಿ ಹಾಕಿದಾಗ ಹಳೆಯ ಚಿತ್ರವೋ ತಪ್ಪು ಶೀರ್ಷಿಕೆಯೋ ಕಾಣಿಸಿದರೆ, ಲಿಂಕ್ಡ್‌ಇನ್‌ನದೇ ಆದ ಪೋಸ್ಟ್ ಇನ್‌ಸ್ಪೆಕ್ಟರ್ ಎಂಬ ಉಚಿತ ಉಪಕರಣದಲ್ಲಿ ಆ ಕೊಂಡಿಯನ್ನು ಒಮ್ಮೆ ಹಾಕಿದರೆ ಹೊಸ ಮಾಹಿತಿ ಎಳೆದುಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ದಪ್ಪಗೆ, ಓರೆಯಾಗಿ ತೋರಿಸಲು ಬಳಸುವ ವಿಶೇಷ ಯೂನಿಕೋಡ್ ಅಕ್ಷರಗಳಿಂದ ದೂರವಿರಿ, ದೃಷ್ಟಿದೋಷವುಳ್ಳವರ ಸ್ಕ್ರೀನ್ ರೀಡರ್ ಅವನ್ನು ಸರಿಯಾಗಿ ಓದುವುದಿಲ್ಲ. ಹ್ಯಾಶ್‌ಟ್ಯಾಗ್ ಎರಡು ಮೂರು ಇದ್ದರೆ ನಷ್ಟವಿಲ್ಲ, ಹದಿನೈದು ಹಾಕಿದರೆ ಲಾಭವೂ ಇಲ್ಲ.

ಕಾಮೆಂಟ್‌ಗೆ ನಾವು ಹೆಚ್ಚು ಅಂಕ ಕೊಡುತ್ತೇವೆ

ಫಾಲೋವರ್‌ಗಳು ಕಡಿಮೆ ಇರುವ ಹೊಸಬರಿಗೆ ಸ್ವಂತ ಪೋಸ್ಟ್‌ಗಿಂತ ಇನ್ನೊಬ್ಬರ ಪೋಸ್ಟ್‌ನಡಿ ಬರೆದ ಒಳ್ಳೆಯ ಕಾಮೆಂಟ್ ಬೇಗ ಫಲ ಕೊಡುತ್ತದೆ. ಕಾಮೆಂಟ್‌ಗೆ 1,250 ಅಕ್ಷರಗಳ ಅವಕಾಶವಿದೆ, ಒಂದು ಪೂರ್ಣ ವಿಚಾರ ಹೇಳಲು ಸಾಕು. ನಿಮ್ಮ ಗ್ರಾಹಕರು ಓದುವ ಹದಿನೈದು ಇಪ್ಪತ್ತು ಜನರ ಪಟ್ಟಿ ಮಾಡಿಕೊಳ್ಳಿ: ಉದ್ಯಮ ಸಂಘದ ಪದಾಧಿಕಾರಿಗಳು, ಬಿಡಿಭಾಗ ತಯಾರಕರ ತಾಂತ್ರಿಕ ಮುಖ್ಯಸ್ಥರು, ಕ್ಷೇತ್ರದ ಪತ್ರಕರ್ತರು. ಅವರ ಪ್ರೊಫೈಲ್‌ನಲ್ಲಿರುವ ಗಂಟೆಯ ಗುರುತನ್ನು ಒತ್ತಿಟ್ಟರೆ ಹೊಸ ಪೋಸ್ಟ್ ಬಂದಾಗ ಸೂಚನೆ ಬರುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ, ಒಂದೋ ಎರಡೋ ಕಾಮೆಂಟ್, ಅಷ್ಟೇ.

'ಉತ್ತಮ ಮಾಹಿತಿ ಸರ್, ಧನ್ಯವಾದ' ಎಂಬುದು ಲೆಕ್ಕಕ್ಕಿಲ್ಲ. ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, 'ಕಂಪ್ರೆಸರ್ ಒತ್ತಡವನ್ನು 1 ಬಾರ್ ತಗ್ಗಿಸಿದರೆ ವಿದ್ಯುತ್ ಸುಮಾರು ಶೇ. 7ರಷ್ಟು ಉಳಿಯುತ್ತದೆ' ಎಂದು ಒಬ್ಬರು ಬರೆದಿದ್ದಾರೆ ಎನ್ನಿ. ಅದರಡಿ ಹೀಗೆ ಬರೆಯಬಹುದು: 'ಹೌದು ಸರ್. ತಗ್ಗಿಸುವ ಮುಂಚೆ ಕೊನೆಯ ಯಂತ್ರದ ಬಳಿ ಒತ್ತಡ ಎಷ್ಟಿದೆ ಎಂದೂ ನೋಡಿಕೊಳ್ಳಬೇಕಾಗುತ್ತದೆ. ಕಂಪ್ರೆಸರ್‌ನಿಂದ ಅಲ್ಲಿಗೆ ಬರುವಷ್ಟರಲ್ಲಿ ಶೇ. 10ಕ್ಕಿಂತ ಹೆಚ್ಚು ಬಿದ್ದಿದ್ದರೆ ಮೊದಲು ಫಿಲ್ಟರ್ ಮತ್ತು ಪೈಪಿನ ವ್ಯಾಸ ಸರಿಪಡಿಸಬೇಕು. ಇಲ್ಲದಿದ್ದರೆ ಒತ್ತಡ ತಗ್ಗಿಸಿದ ದಿನವೇ ಯಂತ್ರ ನಿಂತು, ಯಾರೋ ಅದನ್ನು ಮತ್ತೆ ಏರಿಸಿಬಿಡುತ್ತಾರೆ.' ಇದರಲ್ಲಿ ಮೂಲ ಲೇಖಕರಿಗೆ ಅಗೌರವವಿಲ್ಲ, ಅವರು ಬಿಟ್ಟಿದ್ದ ಒಂದು ಷರತ್ತು ಸೇರಿಕೊಂಡಿದೆ. ಅದನ್ನು ಓದುವವರು ಆಗಲೇ ಆ ವಿಷಯದಲ್ಲಿ ಆಸಕ್ತಿ ಇದ್ದು ಬಂದವರು. ಹೆಸರಿನ ಮೇಲೆ ಒತ್ತಿ ಪ್ರೊಫೈಲ್‌ಗೆ ಬಂದರೆ ಹೆಡ್‌ಲೈನ್, ಫೀಚರ್ಡ್ ಎರಡೂ ಸಿದ್ಧವಾಗಿರುತ್ತವೆ.

ನಿಮ್ಮ ಪೋಸ್ಟ್‌ಗೆ ಬಂದ ಆಕ್ಷೇಪಗಳಿಗೂ ಇದೇ ಗಾಂಭೀರ್ಯ ಬೇಕು. ಆಕ್ಷೇಪ ಸರಿಯಿದ್ದರೆ ಪೋಸ್ಟ್ ತಿದ್ದಿ, ತಿದ್ದಿದ್ದೇನು ಎಂದು ಕಾಮೆಂಟ್‌ನಲ್ಲಿ ಆ ವ್ಯಕ್ತಿಯ ಹೆಸರು ಹೇಳಿಯೇ ಬರೆಯಿರಿ. ಆಕ್ಷೇಪದ ಕಾಮೆಂಟನ್ನು ಅಳಿಸುವ ಸೌಲಭ್ಯ ಇದೆ, ಬೈಗುಳಕ್ಕೂ ಸ್ಪ್ಯಾಮ್‌ಗೂ ಬಿಟ್ಟು ಬೇರೆಯದಕ್ಕೆ ಅದನ್ನು ಬಳಸಬಾರದು.

ಡಾಕ್ಯುಮೆಂಟ್ ಪೋಸ್ಟ್ ಮತ್ತು ನ್ಯೂಸ್‌ಲೆಟರ್

ಹೆಜ್ಜೆ ಹೆಜ್ಜೆಯಾಗಿ ಹೇಳಬೇಕಾದ ವಿಷಯಕ್ಕೆ ಡಾಕ್ಯುಮೆಂಟ್ ಪೋಸ್ಟ್‌ನಷ್ಟು ಒಳ್ಳೆಯದು ಬೇರಿಲ್ಲ. ಪಿಡಿಎಫ್, ಪವರ್‌ಪಾಯಿಂಟ್, ವರ್ಡ್ ಫೈಲ್ ಹಾಕಬಹುದು, 100 ಎಂಬಿ ಹಾಗೂ 300 ಪುಟಗಳ ಮಿತಿ. 300 ಪುಟ ಯಾರೂ ತಿರುವುವುದಿಲ್ಲ, 8ರಿಂದ 12 ಪುಟ ಹದ. ಮೊಬೈಲ್‌ನಲ್ಲಿ ನೋಡುವವರೇ ಹೆಚ್ಚಾದ್ದರಿಂದ 1080 × 1350 ಪಿಕ್ಸೆಲ್‌ನ ನಿಂತ ಪುಟ ಮಾಡಿ. ಎ4 ಹಾಳೆಯ ಕ್ಯಾಟಲಾಗನ್ನು ಹಾಗೇ ಏರಿಸಿದರೆ ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ. ಕನ್ನಡ ಫಾಂಟ್ ಬಳಸಿದ್ದರೆ ಪಿಡಿಎಫ್ ಮಾಡುವಾಗ ಫಾಂಟ್ ಫೈಲಿನೊಳಗೇ ಸೇರಿಕೊಂಡು (ಎಂಬೆಡ್ ಆಗಿ) ಬಂದಿದೆಯೇ ನೋಡಿ, ಇಲ್ಲವಾದರೆ ಒತ್ತಕ್ಷರಗಳು ಒಡೆಯುವ ಅಪಾಯವಿದೆ. ವರ್ಡ್ ಫೈಲನ್ನು ನೇರವಾಗಿ ಏರಿಸದೆ ಪಿಡಿಎಫ್ ಮಾಡಿಯೇ ಏರಿಸಿ. ಪ್ರತಿ ಪುಟದ ಕೆಳಗೆ ಕಂಪನಿಯ ಹೆಸರೂ ತಿಂಗಳು ವರ್ಷವೂ ಚಿಕ್ಕದಾಗಿರಲಿ, ಜನ ಇದನ್ನು ಇಳಿಸಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಾರೆ.

ನ್ಯೂಸ್‌ಲೆಟರ್‌ನ ಬಲವೆಂದರೆ ಅದು ಫೀಡ್‌ನ ಅದೃಷ್ಟವನ್ನು ನೆಚ್ಚಿಕೊಂಡಿಲ್ಲ. ಮೊದಲ ಸಂಚಿಕೆ ಪ್ರಕಟಿಸಿದಾಗ ನಿಮ್ಮ ಕನೆಕ್ಷನ್‌ಗಳಿಗೂ (ಪರಸ್ಪರ ಒಪ್ಪಿ ಸಂಪರ್ಕದಲ್ಲಿರುವವರಿಗೂ) ಫಾಲೋವರ್‌ಗಳಿಗೂ ಚಂದಾದಾರರಾಗಲು ಆಹ್ವಾನ ಹೋಗುತ್ತದೆ, ನಂತರದ ಸಂಚಿಕೆಗಳ ಸೂಚನೆ ಚಂದಾದಾರರಿಗೆ ಆ್ಯಪ್‌ನಲ್ಲೂ ಇಮೇಲ್‌ನಲ್ಲೂ ತಲುಪುತ್ತದೆ. ಆ ಆಹ್ವಾನದ ಅನುಕೂಲವನ್ನು 'ನಮ್ಮ ಹೊಸ ಪ್ರಯತ್ನಕ್ಕೆ ಸ್ವಾಗತ' ಎಂಬ ಪೊಳ್ಳು ಸಂಚಿಕೆಗೆ ವ್ಯಯಿಸಬೇಡಿ, ನಿಮ್ಮಲ್ಲಿರುವ ಅತಿ ಗಟ್ಟಿಯಾದ ಬರಹವನ್ನೇ ಮೊದಲು ಹಾಕಿ. ತಿಂಗಳಿಗೊಂದು ಸಾಕು. ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್‌ಗಾಗಿ ಬೇರೆ ಶೀರ್ಷಿಕೆ ಮತ್ತು ವಿವರಣೆ ಕೊಡುವ ಜಾಗವಿದೆ, ಬಹಳ ಮಂದಿ ಅದನ್ನು ಖಾಲಿ ಬಿಡುತ್ತಾರೆ. ಪೋಸ್ಟ್‌ಗಳು ಕೆಲವೇ ದಿನಗಳಲ್ಲಿ ಫೀಡ್‌ನಿಂದ ಮರೆಯಾಗುತ್ತವೆ, ನ್ಯೂಸ್‌ಲೆಟರ್‌ನ ಲೇಖನಗಳನ್ನು ವರ್ಷದ ನಂತರವೂ ಹುಡುಕಿ ಬರುತ್ತಾರೆ.

ದೊಡ್ಡ ಕೊರತೆಯೊಂದಿದೆ: ಚಂದಾದಾರರ ಇಮೇಲ್ ವಿಳಾಸ ನಿಮಗೆ ಸಿಗುವುದಿಲ್ಲ. ನಾಳೆ ಬೇರೆಡೆ ಹೋಗಬೇಕೆಂದರೆ ಚಂದಾದಾರರನ್ನು ಜೊತೆಗೆ ಕರೆದೊಯ್ಯಲಾಗದು. ಆದ್ದರಿಂದ ಪ್ರತಿ ಸಂಚಿಕೆಯ ಕೊನೆಯಲ್ಲಿ ನಿಮ್ಮ ಸ್ವಂತ ಸೈಟ್‌ನಲ್ಲಿರುವ ಏನಾದರೂ ಉಪಯುಕ್ತ ವಸ್ತುವಿಗೆ, ಉದಾಹರಣೆಗೆ ಸೋರಿಕೆ ಲೆಕ್ಕದ ಎಕ್ಸೆಲ್ ಹಾಳೆಗೆ, ಕೊಂಡಿ ಕೊಡಿ. ಬೇಕಾದವರು ಅಲ್ಲಿ ತಮ್ಮ ವಿಳಾಸ ಕೊಡಲಿ.

ಕಂಪನಿ ಪೇಜ್, ಜಾಹೀರಾತು, ಪ್ರೀಮಿಯಂ

ಜನ ಜನರ ಮಾತನ್ನು ಓದುತ್ತಾರೆ, ಲೋಗೊ ಹೇಳಿದ್ದನ್ನು ಓದುವವರು ಕಡಿಮೆ. ಕಂಪನಿ ಪೇಜ್ ಅಚ್ಚುಕಟ್ಟಾಗಿರಲಿ, ವಿಳಾಸ, ಸೇವೆಗಳು, ಸಿಬ್ಬಂದಿಯ ಪಟ್ಟಿ ಸರಿಯಿರಲಿ. ನಿರ್ವಾಹಕರು ತಮ್ಮ ಕನೆಕ್ಷನ್‌ಗಳನ್ನು ಪೇಜ್ ಫಾಲೋ ಮಾಡಲು ಆಹ್ವಾನಿಸಲು ತಿಂಗಳಿಗೆ 250 ಕ್ರೆಡಿಟ್ ಇರುತ್ತವೆ, ಒಪ್ಪಿಕೊಂಡವರ ಕ್ರೆಡಿಟ್ ಮರಳಿ ಬರುತ್ತದೆ. ಅದನ್ನು ಬಳಸಿಕೊಳ್ಳಿ. ಆದರೆ ಮೂಲ ಬರಹ ಇಬ್ಬರು ಮೂವರು ಸಿಬ್ಬಂದಿಯ ಸ್ವಂತ ಪ್ರೊಫೈಲ್‌ನಿಂದಲೇ ಬರಲಿ. ಒಬ್ಬರನ್ನೇ ನೆಚ್ಚಿಕೊಂಡರೆ ಅವರು ಕೆಲಸ ಬಿಟ್ಟ ದಿನ ಓದುಗರೂ ಅವರೊಂದಿಗೇ ಹೋಗುತ್ತಾರೆ.

2023ರಲ್ಲಿ ಬಂದ ಥಾಟ್ ಲೀಡರ್ ಆ್ಯಡ್ಸ್ ಮೂಲಕ ಸಿಬ್ಬಂದಿಯ ಪೋಸ್ಟನ್ನು ಅವರ ಅನುಮತಿ ಪಡೆದು ಕಂಪನಿಯು ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಬಹುದು. ಹುದ್ದೆ, ಉದ್ಯಮ, ಕಂಪನಿಯ ಗಾತ್ರ ನೋಡಿ ಆರಿಸಬಹುದಾದ್ದರಿಂದ ಇದು ಒಳ್ಳೆಯ ಸಾಧನ, ಆದರೆ ಒಂದು ಷರತ್ತಿನ ಮೇಲೆ. ದುಡ್ಡಿಲ್ಲದೆಯೇ ಗ್ರಾಹಕರಿಂದ ಪ್ರಶ್ನೆಗಳನ್ನು ತಂದುಕೊಟ್ಟ ಪೋಸ್ಟ್‌ಗೆ ಮಾತ್ರ ಹಾಕಿ. ಸಪ್ಪೆ ಪೋಸ್ಟ್‌ಗೆ ಸುರಿದ ಹಣದಿಂದ ಸಪ್ಪೆತನ ಇನ್ನಷ್ಟು ಜನರಿಗೆ ಗೊತ್ತಾಗುತ್ತದೆ, ಅಷ್ಟೇ.

ಪ್ರೀಮಿಯಂ ಚಂದಾದಿಂದ ಬರಹಕ್ಕೆ ಬೆಲೆ ಬರುವುದಿಲ್ಲ. ಅದರಲ್ಲಿ ಸಿಗುವುದು ಪ್ರೊಫೈಲ್ ನೋಡಿದವರ ಪೂರ್ತಿ ಪಟ್ಟಿ, ಪರಿಚಯವಿಲ್ಲದವರಿಗೆ ಕಳಿಸುವ ಇನ್‌ಮೇಲ್ ಇತ್ಯಾದಿ. ಮಾರಾಟ ತಂಡ ದೊಡ್ಡದಿದ್ದರೆ, ಸಂಭಾವ್ಯ ಗ್ರಾಹಕರನ್ನು ಹುಡುಕಿಕೊಡುವ ಸೇಲ್ಸ್ ನ್ಯಾವಿಗೇಟರ್ ಎಂಬ ಪಾವತಿ ಸೇವೆಯ ಬಗ್ಗೆ ಯೋಚಿಸಬಹುದು. ಬರೆಯಲು ಆರಂಭಿಸಿ ಆರು ತಿಂಗಳಾಗುವವರೆಗೆ ಯಾವುದನ್ನೂ ಕೊಳ್ಳಬೇಡಿ ಎಂಬುದು ನಮ್ಮ ಖಚಿತ ಸಲಹೆ.

ಅಂಕಿಗಳನ್ನು ಓದುವ ಬಗೆ

ಪೇಜ್‌ನ ಪೋಸ್ಟ್‌ಗಳಲ್ಲಿ ಇಂಪ್ರೆಷನ್ ಎಂದರೇನು ಎಂಬುದಕ್ಕೆ ಲಿಂಕ್ಡ್‌ಇನ್ ಕೊಟ್ಟಿರುವ ವ್ಯಾಖ್ಯೆ ನೋಡಿ: ಪೋಸ್ಟ್‌ನ ಅರ್ಧ ಭಾಗ ಪರದೆಯ ಮೇಲೆ 300 ಮಿಲಿಸೆಕೆಂಡ್ ಇದ್ದರೆ ಸಾಕು. ಕಣ್ಣು ಮಿಟುಕಿಸುವಷ್ಟು ಹೊತ್ತು. ಹತ್ತು ಸಾವಿರ ಇಂಪ್ರೆಷನ್ ಬಂತೆಂದು ಬೀಗುವ ಮೊದಲು ಇದು ನೆನಪಿರಲಿ. ಪೋಸ್ಟ್‌ನ ವಿವರ ಪುಟದಲ್ಲಿ ನೋಡಬೇಕಾದದ್ದು ಓದಿದವರ ಹುದ್ದೆ, ಕಂಪನಿ, ಉದ್ಯಮದ ಪಟ್ಟಿ ಮತ್ತು ಆ ಪೋಸ್ಟ್‌ನಿಂದ ಎಷ್ಟು ಜನ ಪ್ರೊಫೈಲ್‌ಗೆ ಬಂದರು ಎಂಬುದು. ಕಂಪ್ರೆಸರ್ ಕಂಪನಿಯ ಪೋಸ್ಟ್ ಓದಿದವರಲ್ಲಿ ನಿರ್ವಹಣಾ ವಿಭಾಗದವರಿಗಿಂತ ಮಾರ್ಕೆಟಿಂಗ್ ಸಲಹೆಗಾರರೇ ಹೆಚ್ಚಿದ್ದರೆ ವಿಷಯವೋ ಕನೆಕ್ಷನ್‌ಗಳೋ ತಪ್ಪಾಗಿವೆ.

ಇದಕ್ಕಿಂತ ಮೇಲಾದ ಅಳತೆ ಲಿಂಕ್ಡ್‌ಇನ್ ಹೊರಗಿದೆ. ಹೊಸ ಗ್ರಾಹಕರ ವಿಚಾರಣೆ ಬಂದಾಗ 'ನಮ್ಮ ಬಗ್ಗೆ ಎಲ್ಲಿ ನೋಡಿದಿರಿ, ಯಾವುದನ್ನು ಓದಿದಿರಿ' ಎಂದು ಕೇಳಿ ಉತ್ತರವನ್ನು ಅವರ ಮಾತಿನಲ್ಲೇ ಬರೆದಿಡಿ. ಮೊದಲ ಭೇಟಿಯಲ್ಲಿ ಮೂಲಭೂತ ಪ್ರಶ್ನೆಗಳು ಕಡಿಮೆಯಾಗುತ್ತಿವೆಯೇ ಎಂದು ಮಾರಾಟ ಸಿಬ್ಬಂದಿಯನ್ನು ತಿಂಗಳಿಗೊಮ್ಮೆ ವಿಚಾರಿಸಿ. 'ನಿಮ್ಮ ಸೋರಿಕೆ ಪರೀಕ್ಷೆ ಮಾಡಿ ನೋಡಿದೆವು, ಶೇ. 30 ಬಂತು, ಮುಂದೇನು' ಎಂದು ಒಬ್ಬರು ಕೇಳಿಕೊಂಡು ಬಂದರೆ ಅದು ಸಾವಿರ ಲೈಕ್‌ಗಿಂತ ದೊಡ್ಡದು.

ಸೋಷಿಯಲ್ ಸೆಲ್ಲಿಂಗ್ ಇಂಡೆಕ್ಸ್ ಎಂಬ ನೂರು ಅಂಕಗಳ ಪಟ್ಟಿಯೂ ಇದೆ, 25ರಂತೆ ನಾಲ್ಕು ಭಾಗ. ನೀವು ಲಿಂಕ್ಡ್‌ಇನ್ ಎಷ್ಟು ಬಳಸುತ್ತೀರಿ ಎಂಬುದನ್ನು ಅದು ತೋರಿಸುತ್ತದೆ, ಗ್ರಾಹಕರು ಅದನ್ನು ನೋಡುವುದೂ ಇಲ್ಲ. ಅಂಕ ಹೆಚ್ಚಿಸುವ ಗೀಳು ಹಚ್ಚಿಕೊಳ್ಳಬೇಡಿ. ಬ್ಯಾಡ್ಜ್‌ಗಳ ಕಥೆಯೂ ಇದೇ. 2023ರಲ್ಲಿ ಶುರುವಾದ, ಲಿಂಕ್ಡ್‌ಇನ್ ಎತ್ತಿದ ಪ್ರಶ್ನೆಗೆ ಸದಸ್ಯರು ತಮ್ಮ ಮಾತು ಸೇರಿಸುವ ಸಾಮೂಹಿಕ ಲೇಖನಗಳಿಗೆ ಉತ್ತರ ಬರೆದವರಿಗೆ ಸಿಗುತ್ತಿದ್ದ ಚಿನ್ನದ ಬಣ್ಣದ ಟಾಪ್ ವಾಯ್ಸ್ ಬ್ಯಾಡ್ಜನ್ನು 2024ರ ಅಕ್ಟೋಬರ್‌ನಲ್ಲಿ ನಿಲ್ಲಿಸಿಬಿಟ್ಟರು. ಅದಕ್ಕಾಗಿಯೇ ತಿಂಗಳುಗಟ್ಟಲೆ ಉತ್ತರ ಬರೆದವರ ಪ್ರೊಫೈಲ್‌ನಲ್ಲಿ ಈಗ ಅದರ ಗುರುತೇ ಇಲ್ಲ.

ಒಬ್ಬರ ಪೋಸ್ಟ್‌ಗೆ ಇನ್ನೊಬ್ಬರು ಲೈಕ್ ಒತ್ತುವ ಒಪ್ಪಂದದ ಗುಂಪುಗಳು, ತಾನಾಗಿ ಕನೆಕ್ಷನ್ ಕಳಿಸುವ, ಕಾಮೆಂಟ್ ಹಾಕುವ ಸಾಫ್ಟ್‌ವೇರ್‌ಗಳು ಎರಡೂ ನಿಯಮಕ್ಕೆ ವಿರುದ್ಧ. ಖಾತೆಗೆ ನಿರ್ಬಂಧ ಬಿದ್ದರೆ ಅದನ್ನು ತೆಗೆಸುವುದು ಸುಲಭವಲ್ಲ. ಅದಕ್ಕಿಂತ ಮೊದಲೇ ಆಗುವ ನಷ್ಟ ಬೇರೆ: ಪ್ರತಿ ಪೋಸ್ಟ್‌ನಡಿಯೂ ಅದೇ ಹತ್ತು ಹೆಸರು, ಅದೇ ಹೊಗಳಿಕೆ ಕಂಡರೆ ಅನುಭವಿ ಖರೀದಿದಾರರಿಗೆ ಕ್ಷಣದಲ್ಲಿ ತಿಳಿಯುತ್ತದೆ. ಉತ್ತರ ಬರಲೆಂದೇ ಹಾಕುವ ಪೋಲ್‌ಗಳನ್ನೂ, 'ಹೌದು ಎಂದು ಕಾಮೆಂಟ್ ಮಾಡಿ' ಎಂಬ ಪೋಸ್ಟ್‌ಗಳನ್ನೂ ಫೀಡ್‌ನಲ್ಲಿ ಕಡಿಮೆ ತೋರಿಸುವುದಾಗಿ ಲಿಂಕ್ಡ್‌ಇನ್ 2022ರಲ್ಲೇ ಹೇಳಿದೆ.

ವೇದಿಕೆ ಯಾವುದೇ ಇರಲಿ, ಅದರ ಒಡೆತನ ನಿಮ್ಮದಲ್ಲ. ಜರ್ಮನ್ ಭಾಷಿಕರ ನಡುವೆ ದೊಡ್ಡದಾಗಿ ಬೆಳೆದಿದ್ದ, ಲಿಂಕ್ಡ್‌ಇನ್‌ನಂಥದೇ ವೇದಿಕೆಯಾದ ಕ್ಸಿಂಗ್ 2023ರ ಜನವರಿಯಲ್ಲಿ ತನ್ನ ಗುಂಪುಗಳನ್ನು ಮುಚ್ಚಿತು. ಸ್ವಲ್ಪ ಹೊತ್ತಷ್ಟೇ ಕಾಣುವ ಪೋಸ್ಟ್‌ಗಳ ಸೌಲಭ್ಯವಾದ ಲಿಂಕ್ಡ್‌ಇನ್‌ನ ಸ್ಟೋರೀಸ್ 2021ರ ಸೆಪ್ಟೆಂಬರ್‌ನಲ್ಲಿ ನಿಂತುಹೋಯಿತು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ನ ಡೇಟಾ ಪ್ರೈವಸಿ ಭಾಗಕ್ಕೆ ಹೋಗಿ 'ಗೆಟ್ ಎ ಕಾಪಿ ಆಫ್ ಯುವರ್ ಡೇಟಾ' ಒತ್ತಿ, ನಿಮ್ಮ ಬರಹಗಳ ಪ್ರತಿ ತರಿಸಿಕೊಳ್ಳಿ. ಚಿತ್ರ, ಪಿಡಿಎಫ್‌ಗಳ ಮೂಲ ಫೈಲನ್ನು ಬೇರೆಯಾಗಿ ಇಟ್ಟುಕೊಳ್ಳಿ. ಅದೇ ಭಾಗದಲ್ಲಿ ಎಐ ತರಬೇತಿಗೆ ನಿಮ್ಮ ಬರಹ ಬಳಸಲು ಅವಕಾಶ ಕೊಡುವ ಸ್ವಿಚ್ಚೂ ಇದೆ, ಹೇಗಿರಬೇಕೆಂದು ನೀವೇ ತೀರ್ಮಾನಿಸಿ.

ಈ ಸೇವೆ ಎಲ್ಲರಿಗೂ ಹೊಂದುವುದಿಲ್ಲ. ತಿಳಿಯುವ ದಾರಿ ಸುಲಭ: ಕಳೆದ ಎರಡು ವರ್ಷದ ನಿಮ್ಮ ಇಪ್ಪತ್ತು ಒಳ್ಳೆಯ ಗ್ರಾಹಕ ಕಂಪನಿಗಳಲ್ಲಿ ಖರೀದಿಯ ತೀರ್ಮಾನ ತೆಗೆದುಕೊಂಡವರ ಹೆಸರು ಬರೆದುಕೊಂಡು ಒಬ್ಬೊಬ್ಬರನ್ನೇ ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಪ್ರೊಫೈಲ್‌ನ 'ಆ್ಯಕ್ಟಿವಿಟಿ' ಭಾಗದಲ್ಲಿ ಕಳೆದ ಮೂರು ತಿಂಗಳಲ್ಲಿ ಒಂದು ಲೈಕ್ ಅಥವಾ ಕಾಮೆಂಟ್ ಇದ್ದರೂ ಅವರು ಬಂದು ಹೋಗುತ್ತಿದ್ದಾರೆ ಎಂದರ್ಥ. ಸುಮ್ಮನೆ ಓದಿ ಹೋಗುವವರು ಇದರಲ್ಲಿ ಕಾಣುವುದಿಲ್ಲ, ಆದ್ದರಿಂದ ಎಂಟು ಹತ್ತು ಜನ ಸಿಕ್ಕರೂ ಧಾರಾಳವಾಗಿ ಆರಂಭಿಸಬಹುದು. ಇಬ್ಬರೋ ಮೂವರೋ ಮಾತ್ರ ಸಿಕ್ಕರೆ ಪ್ರೊಫೈಲನ್ನೂ ಪೇಜನ್ನೂ ಅಚ್ಚುಕಟ್ಟು ಮಾಡಿಟ್ಟು, ಅದೇ ಬರಹಗಳನ್ನು ಉದ್ಯಮ ಸಂಘದ ಪತ್ರಿಕೆಗೆ ಕಳಿಸಿ. ಕೊಟೇಶನ್ ಜೊತೆ ಲಗತ್ತಿಸುವ ಎರಡು ಪುಟದ ಟಿಪ್ಪಣಿಯಾಗಿಯೂ ಅವು ಚೆನ್ನಾಗಿ ಕೆಲಸ ಮಾಡುತ್ತವೆ.